ಜಾವಕ ನಂಬರು ಮೂವತ್ತೊಂದು

೧೮ ಜನವರಿ ೧೯೮೮, ಸೋಮವಾರ

ಠಾಣೆಯ ಡೈರಿಯನ್ನು ಹನ್ನೊಂದು ವರ್ಷದಿಂದ ನಾನೇ ಬರೆಯುತ್ತಿದ್ದೇನೆ. ಯಾರು ಬಂದರು, ಯಾರು ಹೋದರು, ಗಸ್ತು ಎಷ್ಟು ಗಂಟೆಗೆ ಹೊರಟಿತು, ಎಲ್ಲ ಅದರಲ್ಲಿದೆ. ಹೆಡ್ ಕಾನ್‌ಸ್ಟೇಬಲ್ ಭೀಮಗೊಂಡನಿಗೆ ಏನನಿಸಿತು ಎಂದು ಬರೆಯಲು ಮಾತ್ರ ಅದರಲ್ಲಿ ಜಾಗವಿಲ್ಲ. ಔಷಧದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಪುಸ್ತಕ ಖಾಲಿ ಬಿದ್ದಿತ್ತು. ಇವತ್ತು ಮನಸ್ಸಿಗೆ ಖುಷಿಯಾಗಿದೆ, ಬರೆಯುತ್ತಿದ್ದೇನೆ.

ಗಡಿಯಾಚೆಯ ಠಾಣೆಯಿಂದ ಒಂದು ಕಾಗದ ಬಂದಿತ್ತು. ಪೂರ್ತಿ ಮರಾಠಿ. ನಮ್ಮ ಪಿ.ಎಸ್.ಐ ಸಾಹೇಬರು ತುಮಕೂರಿನ ಕಡೆಯವರು. ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ನಮ್ಮ ಕಾಗದಾನ ಹೋದ ವರ್ಷ ಮೂರು ಸಲ ವಾಪಸ್ ಮಾಡಿದ್ರಲ್ಲ ಇವರು, ಕನ್ನಡ ಬರಲ್ಲ ಅಂತ? ನಮಗೂ ಮರಾಠಿ ಬರಲ್ಲ ಅಂತ ಬರೀರಿ ಭೀಮಗೊಂಡ" ಎಂದರು.

ನನಗೆ ಮರಾಠಿ ಬರುತ್ತದೆ. ಬೇಡಕಿಹಾಳದಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತದ್ದೇ ಮರಾಠಿಯಲ್ಲಿ. ಆದರೆ ಆ ಮೂರು ಕಾಗದಗಳನ್ನು ಬರೆದವನು ನಾನು. ಅವು ಹಿಂದಕ್ಕೆ ಬಂದಾಗ ಆದ ಉರಿ ಇನ್ನೂ ಆರಿಲ್ಲ. ಮೊದಲ ಸಾಲು ಓದಿ ಮಡಚಿದೆ. "ಸದರಿ ಪತ್ರವು ಈ ಠಾಣೆಗೆ ತಿಳಿಯದ ಭಾಷೆಯಲ್ಲಿರುವುದರಿಂದ, ಕನ್ನಡ ಅಥವಾ ಇಂಗ್ಲಿಷಿನಲ್ಲಿ ಬರೆದು ಕಳುಹಿಸಬೇಕೆಂದು ಕೋರಿ ಮೂಲವನ್ನೇ ಹಿಂದಿರುಗಿಸಿದೆ" ಎಂದು ಬರೆದೆ. ಹೊರಗೆ ಹೋಗುವ ಕಾಗದಗಳ ಜಾವಕ ವಹಿಯಲ್ಲಿ ಮೂವತ್ತೊಂದನೆಯ ನಂಬರು ಕೊಟ್ಟು ಟಪಾಲಿಗೆ ಹಾಕಿದೆ. ಸಾಹೇಬರು ಓದಿ, "ಭಾಷೆ ಚೆನ್ನಾಗಿದೆ ಕಣ್ರೀ" ಎಂದರು. ಹನ್ನೊಂದು ವರ್ಷದಲ್ಲಿ ಯಾರೂ ಹಾಗೆ ಅಂದಿರಲಿಲ್ಲ.

೨೧ ಜನವರಿ, ಗುರುವಾರ

ಐನಾಪುರದ ಕಡೆಯ ಒಬ್ಬ ಹೆಂಗಸು ಬಂದಿದ್ದಳು. ಕೆಂಚವ್ವ ಅಂತ. ಗಂಡ ಸತ್ತಿದ್ದಾನೆ, ಕೂಲಿ ಮಾಡುತ್ತಾಳೆ. ಮಗಳು ಶಿವಗಂಗವ್ವ, ಹತ್ತೊಂಬತ್ತು ವರ್ಷ, ಹುಟ್ಟು ಕಿವುಡಿ, ಮಾತಿಲ್ಲ. ಒಂಬತ್ತನೇ ತಾರೀಖು ತಾಯಿ ಮಗಳು ದ್ರಾಕ್ಷಿ ಕೊಯ್ಯಲು ಒಂದು ತೋಟಕ್ಕೆ ಹೋಗಿದ್ದರು. ಸಂಜೆ ಆಳುಗಳನ್ನು ಕರೆದೊಯ್ಯಲು ಎರಡು ಟೆಂಪೋ ನಿಂತಿದ್ದವು, ಒಂದು ಈ ಕಡೆಯದು, ಒಂದು ಗಡಿಯಾಚೆಯದು. ತಾಯಿ ಬುತ್ತಿಗಂಟು ತರಲು ಹೋಗಿ ಹಿಂದಿರುಗಿ ನೋಡುವಷ್ಟರಲ್ಲಿ ಮಗಳಿಲ್ಲ. ಆಚೆಯ ಟೆಂಪೋ ಹೊರಟುಹೋಗಿತ್ತು.

"ಹನ್ನೆರಡ ದಿನ ಎಲ್ಲಿದ್ದಿ?" ಎಂದು ಗದರಿದೆ.

"ಆಚೀ ಕಡೆ ಊರೂರು ತಿರಗಿದ್ನಿರೀ ಎಪ್ಪಾ. ಅಲ್ಲಿ ಪೊಲೀಸರ ಕಡೆ ಹೋದ್ರ ಬಾಗಲಾಗ ನಿಂತಾಂವ ಒಳಗ ಬಿಡಲಿಲ್ಲ. ನಿನ್ನ ಊರಿನ ಠಾಣೇಕ ಹೋಗು ಅಂದ."

ಫಾರ್ಮು ತುಂಬಿದೆ. ಎತ್ತರ, ಮೈಬಣ್ಣ, ಹಸಿರು ಸೀರೆ, ಎಡಗೈಯಲ್ಲಿ ಹಚ್ಚೆ. ಫೋಟೋ ಇಲ್ಲ, ತೆಗೆಸಿಯೇ ಇಲ್ಲವಂತೆ. ಫೋಟೋ ಇಲ್ಲದೆ ಯಾರನ್ನು ಹುಡುಕುವುದು? ಗಡಿಯಾಚೆಯ ಮೂರು ಠಾಣೆಗಳಿಗೆ ಒಳ್ಳೆಯ ಕನ್ನಡದಲ್ಲಿ ಕಾಗದ ಬರೆದೆ.

೩೦ ಜನವರಿ

ಆ ಹೆಂಗಸು ಮತ್ತೆ ಬಂದಿದ್ದಳು. ಮೂರನೆಯ ಸಲ. "ಕಾಗದ ಹೋಗ್ಯಾವ, ಉತ್ತರ ಬರಲಿ" ಎಂದರೆ ಹೋಗುವುದಿಲ್ಲ. ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತ ಟಪಾಲಿನವನ ದಾರಿ ಕಾಯುತ್ತಾಳೆ. ಬರುವ ಹೋಗುವ ಜನಕ್ಕೆ ಠಾಣೆ ಎಂದರೆ ಏನನ್ನಿಸಬೇಡ?

೮ ಫೆಬ್ರವರಿ, ಸೋಮವಾರ

ಮೂರರಲ್ಲಿ ಎರಡಕ್ಕೆ ಉತ್ತರವೇ ಇಲ್ಲ. ಒಂದು ವಾಪಸ್ ಬಂದಿದೆ. ನಮ್ಮ ಕಾಗದದ ಮೂಲೆಯಲ್ಲೇ ಕೆಂಪು ಶಾಯಿಯಲ್ಲಿ ಗೀಚಿದ್ದಾರೆ: "ಕಾನಡೀ ಭಾಷೇತ ಅಸಲ್ಯಾಮುಳೆ ಪರತ." ಕನ್ನಡದಲ್ಲಿದೆ, ಅದಕ್ಕೇ ವಾಪಸ್. ಕೆಳಗೆ ಯಾವನೋ ಹವಾಲ್ದಾರನ ಸಹಿ.

ಮನುಷ್ಯರೇ ಇವರು? ಒಂದು ಹುಡುಗಿ ಕಾಣೆಯಾಗಿದ್ದಾಳೆ. ಹೆಸರು, ವಯಸ್ಸು, ಹಚ್ಚೆ ಎಲ್ಲ ಬರೆದಿದ್ದೇನೆ. ಅವರ ಊರಲ್ಲಿ ಪ್ರತಿ ಓಣಿಯಲ್ಲೂ ಕನ್ನಡ ಬರುವ ಒಬ್ಬ ಸಿಗುತ್ತಾನೆ. ಕರೆದು ಓದಿಸಿಕೊಳ್ಳಲು ಎಷ್ಟು ಹೊತ್ತು ಬೇಕು? ಸಿಟ್ಟಿನಲ್ಲಿ ಮಧ್ಯಾಹ್ನ ಊಟ ಸೇರಲಿಲ್ಲ.

೯ ಫೆಬ್ರವರಿ

ಸಾಹೇಬರು ಇಂಗ್ಲಿಷಿನಲ್ಲಿ ಹೇಳಿ ಬರೆಸಿದರು. ಜಿಲ್ಲಾ ಕಚೇರಿಯ ಮೂಲಕ ಹೋಗಬೇಕಂತೆ. ಆಚೆಯ ಠಾಣೆ ಇಲ್ಲಿಂದ ಸೈಕಲ್ ಮೇಲೆ ಒಂದು ಗಂಟೆಯ ದಾರಿ. ಕಾಗದ ಬೆಳಗಾವಿಗೆ ಹೋಗಿ, ಅಲ್ಲಿಂದ ಎತ್ತೆತ್ತಲೋ ಸುತ್ತಿ ಅಲ್ಲಿಗೆ ಬರಬೇಕು.

೨೪ ಫೆಬ್ರವರಿ

ಕೆಂಚವ್ವ ಈಗ ಸಂತೆ ದಿನ ಬಿಟ್ಟರೆ ಬಾಕಿ ದಿನವೆಲ್ಲ ಬರುತ್ತಾಳೆ. ಇವತ್ತು ಬಿಸಿಲು ಹೆಚ್ಚಿತ್ತು, ಒಂದು ಕಪ್ ಚಹಾ ಕೊಡಿಸಿದೆ. ಕುಡಿಯದೆ ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು: "ಎಪ್ಪಾ, ನನ್ನ ಗಂಗಿ ಹಸಿವಾದ್ರ ಹೊಟ್ಟಿ ಮುಟ್ಟಿ ತೋರಸೂದುಲ್ಲರಿ, ಗಲ್ಲ ಮುಟ್ಟಿ ತೋರಸ್ತಾಳು. ಅದು ನನಗಷ್ಟ ತಿಳೀತೈತಿ. ಅಲ್ಲಿ ಮಂದಿಗೆ ಹೆಂಗ ತಿಳೀತಿರಬೇಕರಿ?"

ನನಗೆ ಏನು ಗೊತ್ತು?

ಮನೆಗೆ ಬಂದರೆ ರಾಜಮತಿಯದೂ ಅದೇ. "ಇವತ್ತೂ ಬಂದಿದ್ದಳೇನ್ರಿ?" ಹೆಂಡತಿಗೆ ಠಾಣೆಯ ಸುದ್ದಿ ಹೇಳಬಾರದು, ತಪ್ಪು ನನ್ನದೇ.

೧೨ ಮಾರ್ಚ್, ಶನಿವಾರ

ಜಿಲ್ಲಾ ಕಚೇರಿಯಿಂದ ಉತ್ತರ. "ನಾಲ್ಕು ಪ್ರತಿಗಳಲ್ಲಿ, ಕಾಣೆಯಾದವರ ಭಾವಚಿತ್ರ ಸಹಿತ ಸಲ್ಲಿಸುವುದು." ಒಂದು ತಿಂಗಳು ಮೂರು ದಿನಕ್ಕೆ ಬಂದದ್ದು ಈ ಒಂದು ಸಾಲು. ಫೋಟೋ ಇಲ್ಲ ಎಂದು ಮೊದಲ ಕಾಗದದಲ್ಲೇ ಬರೆದಿತ್ತು. ಪೆನ್ನು ಎಸೆದೆ. ನಿಬ್ಬು ಮುರಿಯಿತು.

೧೩ ಮಾರ್ಚ್, ಭಾನುವಾರ

ಈ ಪುಟ ಬರೆಯಬಾರದು ಎಂದುಕೊಂಡಿದ್ದೆ.

ತಂಗಿ ತಾರಾಬಾಯಿಯನ್ನು ಕೊಟ್ಟಿರುವುದು ಗಡಿಯಾಚೆಗೆ. ಅವಳ ಮಗಳ ನಿಶ್ಚಯಕ್ಕೆ ಹೋಗಿದ್ದೆವು. ನಾವು ಜೈನರು, ಹೊತ್ತು ಮುಳುಗುವುದರೊಳಗೆ ನಮಗೆ ಊಟ ಆಗಬೇಕಲ್ಲ, ಐದೂವರೆಗೇ ಪಂಗ್ತಿ ಹಾಕಿದರು. ಪಕ್ಕದಲ್ಲಿ ಕೂತವರು ತಂಗಿಯ ನೆರೆಮನೆಯವರು, ತುಕಾರಾಮರಾವ್. ದಪ್ಪ ಮೀಸೆ, ನನ್ನದೇ ವಯಸ್ಸು. ಅವರೂ ಪೊಲೀಸರೇ, ಅದೇ ಆಚೆಯ ಠಾಣೆಯಲ್ಲಿ ಹವಾಲ್ದಾರ್ ಎಂದು ತಂಗಿಯ ಗಂಡ ಪರಿಚಯ ಮಾಡಿಸಿದ. ಕೆಂಪು ಶಾಯಿಯ ಸಹಿ ಕಣ್ಣ ಮುಂದೆ ಬಂತು.

"ನೀವೇ ಏನ್ರಿ, ನಮ್ಮ ಕಾಗದ ಪರತ್ ಮಾಡಿದವರು?" ಎಂದು ಎಲ್ಲರ ಎದುರಿಗೇ ಕೇಳಿದೆ. "ಒಂದ ಮೂಗ ಹುಡಿಗಿ ಕಳದೈತಿ. ಓದಾಕ ಏನ ದಾಡಿ ಆಗಿತ್ತು ನಿಮಗ?"

ಅವರು ತುತ್ತು ಕೆಳಗಿಟ್ಟರು. "ಮೂಗ ಹುಡಿಗಿ? ಹಸರ ಸೀರಿ?" ಅವರ ಕನ್ನಡ ಮರಾಠಿಯ ಮೇಲೆ ಹತ್ತಿಳಿದು ಬರುತ್ತದೆ. "ಪಾವ್ಣ್ಯಾರ, ಆ ಪೋರಿ ಜನವರಿ ಒಂಬತ್ತನೇ ತಾರೀಖಿಗೆ ನಮಗ ಸ್ಟ್ಯಾಂಡಿನ್ಯಾಗ ಸಿಕ್ಕಾಳ. ಮಹಿಳಾ ಆಶ್ರಮದಾಗ ಇಟ್ಟೀವಿ. ನಿಮ್ಮ ಠಾಣೇಕ ಮೊದಲ ನಾನ ಪತ್ರ ಬರದಿದ್ದೆ. ಇಂಥಾ ಹುಡಿಗಿ ಸಿಕ್ಕಾಳ, ನಿಮ್ಮ ಕಡೀದೇನು ಅಂತ. ನೀವ ಅದನ್ನ ತಿಳೀದ ಭಾಷಾ ಅಂತ ಪರತ್ ಕಳಸಿದ್ರಿ. ಆ ಸಿಟ್ಟಿಗೆ ನಿಮ್ಮದನ್ನ ನಾನೂ ಓದಲಿಲ್ಲ."

ಯಾರೋ ಹೋಳಿಗೆ ಬಡಿಸಿದರು.

೧೪ ಮಾರ್ಚ್, ಸೋಮವಾರ

ಎಲ್ಲರಿಗಿಂತ ಮೊದಲು ಠಾಣೆಗೆ ಹೋಗಿ ಜಾವಕ ವಹಿ ತೆಗೆದೆ. ಮೂವತ್ತೊಂದು. ನನ್ನ ಅಕ್ಷರ. ಚೆನ್ನಾಗಿದೆ.

೧೭ ಮಾರ್ಚ್, ಗುರುವಾರ

ಸಾಹೇಬರಿಗೆ ಹೇಳಿದೆ. ಎದ್ದು ಕಿಟಕಿ ಮುಚ್ಚಿ ಬಂದು ಹೇಳಿದರು: "ಬಾಯಿಮಾತಲ್ಲಿ ಗೊತ್ತಾಗಿದ್ದಕ್ಕೆಲ್ಲ ಬೆಲೆ ಇಲ್ಲ. ಅವರು ಮತ್ತೆ ಬರೆದು ಕಳಿಸಲಿ. ಆಮೇಲೆ ನೋಡೋಣ."

"ಅಷ್ಟರೊಳಗೆ ಆ ತಾಯಿಗೆ ಹೇಳಲಾ ಸಾಹೇಬ್ರೇ?"

"ಏನಂತ ಹೇಳ್ತೀರಿ? ನಾವು ವಾಪಸ್ ಕಳಿಸಿದ್ವಿ ಅಂತಲಾ?"

ಹೊರಗೆ ಬಂದೆ. ಕಟ್ಟೆಯ ಮೇಲೆ ಕೆಂಚವ್ವ. ಮಗಳು ಸಿಕ್ಕಿರಬಹುದು ಎಂದಷ್ಟೇ ಹೇಳಿದೆ. ಕಾಗದದ ವಿಷಯ ಹೇಳಲಿಲ್ಲ. ಅವಳು ನನ್ನ ಕಾಲಿಗೆ ಬೀಳಲು ಬಂದಳು. ಹಿಂದಕ್ಕೆ ಸರಿದೆ. ಗೋಡೆ ಬೆನ್ನಿಗೆ ಬಡಿಯಿತು.

೨೨ ಮಾರ್ಚ್, ಮಂಗಳವಾರ

ಒಂದು ದಿನ ರಜೆ ಹಾಕಿ, ಧೋತರ ಉಟ್ಟು, ಕೆಂಚವ್ವನನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದೆ. ಗಡಿಯ ಕಲ್ಲು ದಾಟಿದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಆ ಕಡೆಯೂ ಅದೇ ಕಬ್ಬು, ಅದೇ ದ್ರಾಕ್ಷಿ. ಸ್ಟ್ಯಾಂಡಿನಲ್ಲಿ ತುಕಾರಾಮರಾವ್ ಕಾಯುತ್ತಿದ್ದರು. ಅವರೂ ಡ್ರೆಸ್ಸಿನಲ್ಲಿರಲಿಲ್ಲ.

ಆಶ್ರಮ ಒಂದು ಹಳೆಯ ವಾಡೆಯಲ್ಲಿದೆ. ನೋಡಿಕೊಳ್ಳುವವರು ಲಕ್ಷ್ಮಿಬಾಯಿ ಎಂಬ ಹಿರಿಯ ಹೆಂಗಸು. ಖಡಕ್ ಮನುಷ್ಯರು. "ಹಿಂದ ಒಬ್ಬಾಕಿ ತಾಯಿ ಅಂತ ಬಂದು ಬ್ಯಾರೇದವರ ಹುಡಿಗೀನ ಒಯ್ದಾಳ. ಪುರಾವಾ ಏನೈತಿ?" ಎಂದು ಕೇಳಿದರು. ರೇಷನ್ ಕಾರ್ಡಿನಲ್ಲಿ ಹೆಸರಿತ್ತು. ಹೆಸರು ಇದ್ದರೆ ಏನು, ಹುಡುಗಿ ತನ್ನ ಹೆಸರು ಹೇಳುವುದಿಲ್ಲವಲ್ಲ. ಹಚ್ಚೆಯ ಮಾತು ಹೇಳಿದೆ. "ಈ ಕಡೆ ಯಾರ ಕೈಯಾಗ ಹಚ್ಚಿ ಇಲ್ಲ?" ಎಂದರು.

ಮಾಳಿಗೆಗೆ ಕರೆದೊಯ್ದರು. ಹಲಗೆಯ ನೆಲ. ಹತ್ತು ಹನ್ನೆರಡು ಹೆಂಗಸರು ಜೋಳ ಹಸನು ಮಾಡುತ್ತಿದ್ದವರು ನಮ್ಮ ಸಪ್ಪಳಕ್ಕೆ ತಿರುಗಿ ನೋಡಿದರು. ದೂರದ ಮೂಲೆಯಲ್ಲಿ ಒಬ್ಬಳು ಮಾತ್ರ ಬೆನ್ನು ಹಾಕಿಕೊಂಡು ಕೂತೇ ಇದ್ದಳು. ಕೆಂಚವ್ವ ಮುನ್ನುಗ್ಗಿದಳು. ಲಕ್ಷ್ಮಿಬಾಯಿ ಕೈ ಅಡ್ಡ ಹಿಡಿದರು. "ತಬ್ಬಿಕೊಂಡು ಅಳೂದು ಯಾರಿಗೂ ಬರತೈತಿ. ಇಲ್ಲೇ ನಿಂದ್ರವಾ."

ಕೆಂಚವ್ವ ನಿಂತಳು. ಸೀರೆಯ ನಿರಿಗೆ ಸ್ವಲ್ಪ ಎತ್ತಿ, ಬಲಗಾಲ ಹಿಮ್ಮಡಿಯಿಂದ ಹಲಗೆಗೆ ಎರಡು ಸಲ ಬಡಿದಳು. ತಡೆದು, ಇನ್ನೊಂದು ಸಲ.

ಮೂಲೆಯವಳ ಕೈ ನಿಂತಿತು. ಮೊರ ಬಿತ್ತು. ತಿರುಗಿದಳು.

ಆಮೇಲಿನದನ್ನು ನಾನು ನೋಡಲಿಲ್ಲ, ಮೆಟ್ಟಿಲ ಕಡೆ ಮುಖ ಮಾಡಿದ್ದೆ. ಆ ಹುಡುಗಿಯ ಗಂಟಲಿನಿಂದ ಒಂದು ದನಿ ಬಂತು. ಕರು ಕೂಗಿದ ಹಾಗೆ. ಲಕ್ಷ್ಮಿಬಾಯಿ ನನ್ನ ಪಕ್ಕ ಬಂದು ನಿಂತು ಮೆಲ್ಲಗೆ ಹೇಳಿದರು: "ಎರಡ ತಿಂಗಳಿಂದ ನಾವ ಚಪ್ಪಾಳಿ ಹೊಡದ ಕರ್ಯಾಕತ್ತಿದ್ದಿವು."

ಫಾರ್ಮಿನಲ್ಲಿ ನಾನು ಎತ್ತರ ಕೇಳಿದ್ದೆ, ಬಣ್ಣ ಕೇಳಿದ್ದೆ. ಅವಳನ್ನು ಹೇಗೆ ಕರೆಯುತ್ತೀರಿ ಎಂದು ಕೇಳಿರಲಿಲ್ಲ.

ಇಷ್ಟಾದರೂ ಬಿಡಲಿಲ್ಲ. ಕೋರ್ಟಿನ ಹುಕುಂ ಬೇಕು, ಇಲ್ಲದಿದ್ದರೆ ಲಕ್ಷ್ಮಿಬಾಯಿಯವರ ಕೆಲಸ ಹೋಗುತ್ತದೆ. ಕೆಂಚವ್ವ ಒಬ್ಬಳೇ ನನ್ನ ಜೊತೆ ಹಿಂದಿರುಗಿದಳು. ದಾರಿಯುದ್ದಕ್ಕೂ ಸೆರಗಿನ ಚುಂಗು ಕಚ್ಚಿಕೊಂಡೇ ಕೂತಿದ್ದಳು.

೬ ಏಪ್ರಿಲ್, ಬುಧವಾರ

ತುಕಾರಾಮರಾವ್ ಆಚೆಯ ಕೋರ್ಟಿನಲ್ಲಿ ಕೆಂಚವ್ವನ ಹೆಸರಲ್ಲಿ ಅರ್ಜಿ ಹಾಕಿಸಿದ್ದಾರೆ. ತಾಯಿ ಇವಳೇ, ದೂರು ಕೊಟ್ಟದ್ದು ನಿಜ ಎಂದು ನಮ್ಮ ಠಾಣೆ ವರದಿ ಕೊಡಬೇಕು. ಸಾಹೇಬರು ಮೂರು ಸಲ ಮುಂದೂಡಿದರು. ಇವತ್ತು ಕೋರ್ಟಿನ ನೋಟೀಸೇ ಬಂತು. ಮರಾಠಿಯಲ್ಲಿ.

"ವರದಿ ಕೊಟ್ಟರೆ ಮೊದಲ ಕಾಗದದ ಮಾತು ಎದ್ದು ಬರುತ್ತೆ. ನಿಮ್ಮ ಅಕ್ಷರ, ನನ್ನ ಸಹಿ. ಇದನ್ನೂ ವಾಪಸ್ ಮಾಡಿ, ಭಾಷೆ ತಿಳಿಯಲಿಲ್ಲ ಅಂತ" ಎಂದರು.

ಹೂಂ ಎಂದೆ. ಮೇಜಿಗೆ ಬಂದು ಕೂತೆ. ಒಳಬರುವ ಕಾಗದಗಳ ಆವಕ ವಹಿಯನ್ನೂ ತೆಗೆಯಲಿಲ್ಲ, ಜಾವಕ ವಹಿಯನ್ನೂ ತೆಗೆಯಲಿಲ್ಲ. ನೋಟೀಸನ್ನು ಪೂರ್ತಿ ಓದಿದೆ. ಹತ್ತೊಂಬತ್ತನೇ ತಾರೀಖು, ಹನ್ನೊಂದು ಗಂಟೆಗೆ. ಮಡಚಿ ಜೇಬಿಗೆ ಹಾಕಿಕೊಂಡೆ.

೧೯ ಏಪ್ರಿಲ್, ಮಂಗಳವಾರ

ದೂರಿನ ಫಾರ್ಮನ್ನು ಮರಾಠಿಗೆ ತಂದು ನಿನ್ನೆಯೇ ಬರೆದಿಟ್ಟಿದ್ದೆ. ಮೂವತ್ತು ವರ್ಷದ ಮೇಲೆ ಮರಾಠಿಯ ಬಾಳಬೋಧ ಲಿಪಿ ಬರೆದದ್ದು, ಅಕ್ಷರ ಸೊಟ್ಟಗಾಗಿವೆ.

ಮ್ಯಾಜಿಸ್ಟ್ರೇಟರು ಓದಿ ನನ್ನ ಕಡೆ ನೋಡಿದರು. ಜನವರಿಯಲ್ಲೇ ಇಲ್ಲಿಂದ ಪತ್ರ ಹೋಗಿದೆ, ನಿಮ್ಮ ಠಾಣೆ ಏನು ಮಾಡುತ್ತಿತ್ತು ಎಂದು ಕೇಳಿದರು. ತುಕಾರಾಮರಾವ್ ಪಕ್ಕದಿಂದ, ಟಪಾಲಿನಲ್ಲಿ ತಪ್ಪಿತು ಅನ್ನು ಎಂಬಂತೆ ಕಣ್ಣು ಮಾಡಿದರು. ನನ್ನ ಬಾಯಿಗೂ ಅದೇ ಬಂದಿತ್ತು.

"ಪತ್ರ ನನ್ನ ಕೈಗೆ ಬಂದಿತ್ತು. ನನಗೆ ಮರಾಠಿ ಬರುತ್ತದೆ. ಓದದೆ ಹಿಂದಕ್ಕೆ ಕಳಿಸಿದೆ" ಎಂದು ಮರಾಠಿಯಲ್ಲೇ ಹೇಳಿದೆ.

ತುಕಾರಾಮರಾವ್ ಎದ್ದು ನಿಂತರು. "ಸಾಹೇಬ, ಅವರ ಪತ್ರ ಬಂದಾಗ ನಾನೂ ಓದಲಿಲ್ಲ."

ಮ್ಯಾಜಿಸ್ಟ್ರೇಟರು ಇಬ್ಬರನ್ನೂ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಇಬ್ಬರ ಹೇಳಿಕೆಯನ್ನೂ ಬರೆಸಿಕೊಂಡು ಹುಕುಂ ಕೊಟ್ಟರು.

ಕೆಂಚವ್ವ ಹಿಂದಿನ ಬೆಂಚಿನ ಮೇಲೆ ಕೂತಿದ್ದಳು. ಅವಳಿಗೂ ಮರಾಠಿ ತಿಳಿಯುತ್ತದೆ.

೨೨ ಏಪ್ರಿಲ್, ಶುಕ್ರವಾರ

ಗಂಗಿ ಬಂದಳು. ತುಕಾರಾಮರಾವ್ ನಮ್ಮ ಊರಿನವರೆಗೆ ಜೊತೆಗೆ ಬಂದರು. ಬಸ್ಸಿನಲ್ಲಿ ಆ ಹುಡುಗಿ ತಾಯಿಯ ಕೈ ಬಿಡಲಿಲ್ಲ, ಕಿಟಕಿಯ ಹೊರಗೆ ಬೆರಳು ಮಾಡಿ ಏನೇನೋ ತೋರಿಸುತ್ತಿದ್ದಳು. ಒಮ್ಮೆ ಗಲ್ಲ ಮುಟ್ಟಿಕೊಂಡಳು. ಕೆಂಚವ್ವ ಗಂಟು ಬಿಚ್ಚುವುದರೊಳಗೆ ನಾನು ಬಾಳೆಹಣ್ಣು ಕೊಟ್ಟೆ.

ಕೆಂಚವ್ವ ಕೋರ್ಟಿನ ದಿನದಿಂದ ನನ್ನ ಜೊತೆ ಮಾತಾಡಿರಲಿಲ್ಲ. ಇಳಿಯುವಾಗ ತಿರುಗಿದಳು. ಸಿಟ್ಟಿನ ದನಿಯಲ್ಲ, ಲೆಕ್ಕ ಒಪ್ಪಿಸಿದ ಹಾಗೆ ಹೇಳಿದಳು: "ನೂರಾ ನಾಕ ದಿವಸಾತ್ರಿ. ನೀವ ಅವತ್ತ ಓದಿದ್ರ ಹನ್ನೆರಡ ದಿವಸದಾಗ ಮುಗೀತಿತ್ತು."

"ಹೌದವ್ವಾ" ಎಂದೆ.

"ನಾ ನಿಮ್ಮ ಕಾಲ ಬೀಳಾಕ ಬಂದಿದ್ನಿ. ಅವತ್ತರ ಹೇಳಬೇಕಿತ್ತರಿ."

ಅವಳು ಮಗಳ ಹೆಗಲ ಮೇಲೆ ಕೈ ಹಾಕಿಕೊಂಡು ನಡೆದಳು. ತಿರುಗಿ ನೋಡಲಿಲ್ಲ. ಯಾಕೆ ನೋಡಬೇಕು?

೯ ಮೇ, ಸೋಮವಾರ

ಮೆಮೊ ಬಂದಿದೆ. ಅಪ್ಪಣೆಯಿಲ್ಲದೆ ರಾಜ್ಯದ ಗಡಿ ದಾಟಿ, ಠಾಣೆಯ ದಾಖಲೆಗಳನ್ನು ಅನ್ಯರಿಗೆ ಕೊಟ್ಟು, ಇಲಾಖೆಗೆ ಕೆಟ್ಟ ಹೆಸರು ತಂದದ್ದೇಕೆ? ಸಾಹೇಬರು ಒಳಗೆ ಕರೆದು, "ಜ್ವರ ಇತ್ತು, ತಲೆ ನೆಟ್ಟಗಿರಲಿಲ್ಲ ಅಂತ ಬರೀರಿ. ನಾನು ಶಿಫಾರಸು ಮಾಡ್ತೀನಿ" ಎಂದರು. ಕೆಟ್ಟ ಮನುಷ್ಯರಲ್ಲ. ಅವರಿಗೂ ಹೆದರಿಕೆ.

ಜ್ವರ ಇರಲಿಲ್ಲ. "ಹೋದದ್ದು ನಿಜ" ಎಂದು ಬರೆದು ಕೊಟ್ಟೆ. ಭಾಷೆ ಬಗ್ಗೆ ಸಾಹೇಬರು ಏನೂ ಹೇಳಲಿಲ್ಲ.

೨೮ ಮೇ, ಶನಿವಾರ

ವರ್ಗ. ರಾಯಬಾಗದ ಕಡೆಗೆ. ಎ.ಎಸ್.ಐ ಬಡ್ತಿಯ ಪಟ್ಟಿಯಲ್ಲಿ ಹೆಸರಿಲ್ಲ. ರಾಜಮತಿ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕಂತಲೇ ಸಪ್ಪಳ ಮಾಡಿ ಇಡುತ್ತಿದ್ದಳು. ಕಡೆಗೆ ಬಂದು, "ಆ ಹುಡಿಗಿ ಮನ್ಯಾಗ ಅದಾಳಿಲ್ಲೋ?" ಎಂದಳು. ಇದ್ದಾಳೆ ಎಂದೆ. "ಹಂಗಾದ್ರ ಸಾಮಾನ ಕಟ್ಟೂನು" ಎಂದಳು. ಆಮೇಲೂ ಸಪ್ಪಳ ಕಡಿಮೆಯಾಗಲಿಲ್ಲ.

೪ ಜೂನ್, ಶನಿವಾರ

ನನ್ನ ಜಾಗಕ್ಕೆ ಅಥಣಿಯಿಂದ ಧರೆಪ್ಪ ಬಂದಿದ್ದಾನೆ. ರಿಟೈರಾಗಲು ಎರಡೇ ವರ್ಷ. ಹಳೆಯ ಪರಿಚಯ, ಅಕ್ಷರ ದುಂಡಗೆ, ಯಾವ ವಹಿಯೂ ಬಾಕಿ ಉಳಿಸುವವನಲ್ಲ. ಬೀಗದ ಕೈ, ವಹಿಗಳು, ಮೊಹರಿನ ಶಿಕ್ಕೆಗಳನ್ನು ಮಧ್ಯಾಹ್ನದೊಳಗೆ ಒಪ್ಪಿಸಿದೆ. ಆಮೇಲೆ, "ಇನ್ನೊಂದ ಉಳದೈತಿ, ಸೈಕಲ್ ತಗೋ" ಎಂದೆ.

ಎಲ್ಲಿಗೆ ಎಂದು ಅವನು ಎರಡು ಸಲ ಕೇಳಿದ. ಗಡಿಯ ಕಲ್ಲಿನ ಹತ್ತಿರ ಬಂದಾಗ ಕಾಲೂರಿ ನಿಂತೇಬಿಟ್ಟ. ನಾನು ನಿಲ್ಲಲಿಲ್ಲ. ಹಿಂದೆ ಸೈಕಲ್ಲಿನ ಕಿರುಗುಟ್ಟುವ ಸಪ್ಪಳ ಕೇಳಿಸಿತು. ಬಂದ.

ತುಕಾರಾಮರಾವ್ ಮನೆಯಲ್ಲೇ ಇದ್ದರು. ಅವರಿಗೂ ಮೆಮೊ ಬಂದಿದೆ, ಉತ್ತರ ಇನ್ನೂ ಕೊಟ್ಟಿಲ್ಲವಂತೆ. ಅವರ ಹೆಂಡತಿ ಸೋನಾಬಾಯಿ ಹೊತ್ತು ನೋಡಿ, "ದಾದಾ, ಇನ್ನೂ ಬಿಸಲೈತಿ, ಉಂಡ ಹೋಗಾಕ ಬೇಕು" ಎಂದು ನನಗೆ ಹೇಳಿ ಒಳಗೆ ಹೋದರು.

"ಇಂವ ಧರೆಪ್ಪ. ನಾಳಿಂದ ನಿಮ್ಮ ಪತ್ರ ಬಂದ್ರ ಇವನ ಮೇಜಿಗೆ ಬರತಾವ" ಎಂದೆ. "ಮರಾಠಿ ಇವಗ ಅಷ್ಟಕ್ಕಷ್ಟ. ತಿಳೀಲಿಲ್ಲಂದ್ರ ಸೈಕಲ್ ಹತ್ತಿ ಬರತಾನ."

ತುಕಾರಾಮರಾವ್ ನಕ್ಕು, "ಹೆಣ್ಣ ಕೊಟ್ಟ ತರಾಕ ಗಡಿ ಇಲ್ಲ, ಕಾಗದಕ್ಕಷ್ಟ ಗಡಿ. ಬರ್ರಿ ಪಾವ್ಣ್ಯಾರ, ಮ್ಯಾಲ ಕುಂದರ್ರಿ" ಎಂದು ಅವನನ್ನು ಚಾಪೆಯಿಂದ ಎಬ್ಬಿಸಿ ಹಗ್ಗದ ಮಂಚದ ಮೇಲೆ ಕೂರಿಸಿದರು.

ಚಹಾ ಬಂತು. ಧರೆಪ್ಪ ಬಶಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಕಿವಿಯ ಹತ್ತಿರ ಬಾಗಿದ. "ಭೀಮಗೊಂಡಣ್ಣಾ, ಹಿಂಗ ಬರಾಕ ಸಾಹೇಬರ ಅಪ್ಪಣೆ ಐತೇನ?"

"ಇಲ್ಲ."

"ಹಂಗಾರ..."

"ಚಾ ಆರತೈತಿ. ಕುಡಿ."

ನೋಡುತ್ತಿದ್ದೆ. ಸ್ವಲ್ಪ ತಡೆದು ಕುಡಿದ.